ಲೆಕ್ಕಕ್ಕಿಲ್ಲದ ಟಗರು

ಆ ದ್ವೀಪದಲ್ಲಿ ಹನ್ನೊಂದು ಮನೆ, ಇನ್ನೂರ ಹತ್ತು ಕುರಿ. ಮರವೆಂಬುದು ಒಂದೂ ಇಲ್ಲ. ಗಾಳಿ ಬೆಳೆಯಲು ಬಿಟ್ಟರೆ ತಾನೆ? ಮೊಣಕಾಲೆತ್ತರದ ಹುಲ್ಲು, ಹುಲ್ಲಿನ ನಡುವೆ ಎದೆಯೆತ್ತರದ ಕಲ್ಲುಗೋಡೆ, ಗೋಡೆ ಮುಗಿದಲ್ಲಿ ಕಡಲು. ದಡದ ಊರಿನಿಂದ ಅಲ್ಲಿಗೆ ಬರಲು ಒಂದು ಇಡೀ ಹಗಲು ಹಿಡಿಯುತ್ತದೆ.

ಇಂಥ ಕಡೆಗೆ ಎರಡು ವರ್ಷದ ಹಿಂದೆ ಒಬ್ಬ ಅಧಿಕಾರಿ ಬಂದಿದ್ದ. ದೋಣಿಯಲ್ಲಿ ವಾಂತಿ ಮಾಡಿಕೊಂಡು ಮುಖ ಸುಣ್ಣದಂತಾಗಿತ್ತು. ಆದರೂ ಹನ್ನೊಂದು ಮನೆಯವರನ್ನೂ ಗೋಡೆಯ ಮೇಲೆ ಸಾಲಾಗಿ ಕೂರಿಸಿ ಒಂದು ನಕ್ಷೆ ಬಿಡಿಸಿ ತೋರಿಸಿದ. ಸರ್ಕಾರ ಕಡಲಿಗಾಗಿ ಹೊಸ ನೀತಿ ಮಾಡಿದೆ ಎಂದ. ನೀವು ಇಲ್ಲಿ ಒಲೆ ಹಚ್ಚಿಕೊಂಡು ಬದುಕುತ್ತಿರುವುದರಿಂದಲೇ ಸುತ್ತಲಿನ ಇನ್ನೂರು ಮೈಲಿ ನೀರು ನಮ್ಮದು, ನೀವು ಎದ್ದು ಹೋದರೆ ಇದು ಬರೀ ಬಂಡೆ, ಬಂಡೆಗೆ ಅಷ್ಟು ನೀರು ಯಾರೂ ಕೊಡುವುದಿಲ್ಲ ಎಂದ.

"ಹನ್ನೊಂದು ಒಲೆಗೆ ಇಷ್ಟು ನೀರಾ!" ಎಂದಿದ್ದ ಒಬ್ಬ ಮುದುಕ. "ಹಾಗಾದ್ರೆ ಹನ್ನೆರಡನೇದು ಹಚ್ಚೋಣ, ಆಕಾಶಾನೂ ಸಿಗಬಹುದು."

ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕ. ನಗದೆ ನಕ್ಷೆಯನ್ನೇ ನೋಡುತ್ತಿದ್ದವಳು ಆ ಮುದುಕನ ಸೊಸೆ. ದ್ವೀಪದಲ್ಲಿ ಓದು ಬರಹ ಚೆನ್ನಾಗಿ ಬಲ್ಲವಳು ಅವಳೊಬ್ಬಳೇ. ಆದ್ದರಿಂದ ಗುಡ್ಡದ ತುದಿಯ ಕಾವಲು ಮನೆ, ಅಲ್ಲಿನ ವೈರ್‌ಲೆಸ್ಸು, ದುರ್ಬೀನು, ದಿನಚರಿ ಪುಸ್ತಕ, ಕೆಳಗೆ ದಕ್ಷಿಣದ ಕೊಲ್ಲಿಯಲ್ಲಿ ನೆಟ್ಟ ನೀರಿನ ಅಳತೆಗಂಬ ಎಲ್ಲವೂ ಅವಳ ಪಾಲಿಗೆ ಬಂದವು. ಅಂದಿನಿಂದ ಊರಿಗೆ ಅವಳು ಕಾವಲಕ್ಕ.

ಹೊರಡುವ ಮುಂಚೆ ಅಧಿಕಾರಿ ಅವಳನ್ನು ಒಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡಿದ್ದ. ವೈರ್‌ಲೆಸ್ಸಿನಲ್ಲಿ ಆಡುವ ಮಾತನ್ನು ಯಾರು ಬೇಕಾದರೂ ಕೇಳಬಹುದು. ಕಳ್ಳ ಹಡಗಿನವರೂ ಕೇಳುತ್ತಾರೆ. ಹಾಗಾಗಿ ಹಡಗು, ದೋಣಿ ಎನ್ನುವ ಮಾತೇ ಬೇಡ. ಈ ಊರಿನ ಬಾಯಲ್ಲಿ ಸಹಜವಾಗಿ ಬರುವ ಮಾತು ಯಾವುದು? ಕುರಿ. ಸರಿ, ನಮ್ಮ ದೋಣಿ ಕಂಡರೆ 'ಕುರಿ' ಅನ್ನಿ. ಗುರುತಿಲ್ಲದ ಹೊರಗಿನ ದೋಣಿ ಕಂಡರೆ 'ಟಗರು'. ಟಗರು ಅಂದ ಕೂಡಲೇ ಗಸ್ತು ಹಡಗು ಹೊರಡುತ್ತದೆ, ಕಳ್ಳರಿಗೆ ಸುಳಿವು ಸಿಗಬಾರದೆಂದು ಮೂರು ಗಂಟೆ ಹೊತ್ತು ದಡದ ಊರಿನ ವೈರ್‌ಲೆಸ್ ಕೇಂದ್ರ ಬಾಯಿ ಬಿಡುವುದಿಲ್ಲ. ನೀವು ಕರೆದರೂ ಓಗೊಡುವುದಿಲ್ಲ. ಇದು ನಿಮಗೆ, ನಮಗೆ, ಹಡಗಿನವರಿಗೆ ಬಿಟ್ಟು ನಾಲ್ಕನೆಯವರಿಗೆ ಗೊತ್ತಾಗಬಾರದು. ಗಂಡನಿಗೂ.

ಅವಳು ಕಾಗದಕ್ಕೆ ಸಹಿ ಹಾಕಿದಳು. ಅಲ್ಲಿಂದಾಚೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ದಿನಕ್ಕೆ ಮೂರು ಸಲ ಕೇಂದ್ರ "ವರದಿ ಹೇಳಿ" ಎನ್ನುವುದು, ಅವಳು "ಕುರಿ ನಾಲ್ಕು, ಟಗರು ಇಲ್ಲ" ಎನ್ನುವುದು, "ಸರಿ" ಎಂದು ಅತ್ತಲಿಂದ ಕಟ್ಟಾಗುವುದು.

ಇದನ್ನು ದಿನವೂ ಕೇಳುತ್ತಿದ್ದವನು ಮಾವ. ಕಾವಲು ಮನೆಯಲ್ಲಿ ಸರ್ಕಾರದ ಒಲೆ ಇತ್ತು, ಮಂಡಿನೋವಿಗೆ ಆ ಬಿಸಿ ಹಿತವಾಗಿತ್ತು. ಮೂಲೆಯಲ್ಲಿ ಕೂತು ಉಣ್ಣೆ ಬಿಡಿಸುತ್ತ ಅವನು ಒಂದು ವಿಷಯವನ್ನು ತನ್ನಷ್ಟಕ್ಕೆ ತಾನೇ ಅರ್ಥ ಮಾಡಿಕೊಂಡಿದ್ದ: ಸರ್ಕಾರಕ್ಕೆ ತನ್ನ ಮಂದೆಯ ಮೇಲೆ ಭಾರೀ ಕಾಳಜಿ. ದಿನಕ್ಕೆ ಮೂರು ಸಲ ವಿಚಾರಿಸುತ್ತದೆ. ಸೊಸೆ ಮಾತ್ರ ಲೆಕ್ಕ ಸರಿಯಾಗಿ ಹೇಳುವುದಿಲ್ಲ. ಇನ್ನೂರ ಹತ್ತಿದ್ದರೆ ನಾಲ್ಕು ಅನ್ನುತ್ತಾಳೆ. ದೃಷ್ಟಿ ತಾಗಬಾರದೆಂದಿರಬೇಕು, ಹೋಗಲಿ. ಆದರೆ ಟಗರು?

"ಅಲ್ಲಮ್ಮ, ಕಂಬದಂಥಾ ಟಗರು ಅಂಗಳದಲ್ಲಿ ನಿಂತಿದೆ. ದಿನಾ ಇಲ್ಲ ಇಲ್ಲ ಅಂತೀಯಲ್ಲ. ಅದೇನು ಆಟಕ್ಕುಂಟು ಲೆಕ್ಕಕ್ಕಿಲ್ಲವಾ?"

"ಅದು ಸರ್ಕಾರದ ಲೆಕ್ಕ ಮಾವ. ನಿಮಗೆ ಬೇಡ."

ಆ ಟಗರಿಗೆ ಅವನೇ ಇಟ್ಟ ಹೆಸರು ದೊರೆ. ತಿರುಚಿದ ಎರಡು ಸುತ್ತು ಕೊಂಬು, ಗೋಣಿಯಷ್ಟು ಅಗಲದ ಬೆನ್ನು. ಯಾರ ಮಾತಿಗೂ ಬಗ್ಗದ್ದು. ಇಳಿತದ ಹೊತ್ತಿಗೆ ಉತ್ತರದ ಮೂಲೆಯಿಂದ ಕಡಲೊಳಕ್ಕೆ ಒಂದು ಹಾಸುಬಂಡೆ ಏಳುತ್ತದೆ. ಅದರ ಮೇಲೆ ನಡೆದು, ಕೊನೆಗೆ ಎರಡು ಮಾರು ಈಜಿ, ಒಂಟಿಬಂಡೆ ಎಂಬ ಹುಲ್ಲಿನ ದಿಬ್ಬ ಸೇರಿಕೊಳ್ಳುವುದು ದೊರೆಯ ಚಟ. ಉಬ್ಬರ ಬಂದರೆ ಅಲ್ಲೇ ಸೆರೆ.

ಅದು ಮೊದಲು ತಮಾಷೆಯ ವಿಷಯವೇ ಆಗಿತ್ತು. ಹೋದ ತಿಂಗಳು ತಮಾಷೆ ಹೋಯಿತು. ದಕ್ಷಿಣದ ಇನ್ನೊಂದು ದ್ವೀಪದಲ್ಲಿ ಅಣ್ಣತಮ್ಮ ಇಬ್ಬರು ಗುರುತಿನ ಪೆಟ್ಟಿಗೆಯಿಲ್ಲದ ದೋಣಿಯಲ್ಲಿ ಮೀನಿಗೆ ಹೋಗಿದ್ದರು. ಇದು ನಮ್ಮ ದೋಣಿ, ಇಲ್ಲಿದೆ ಎಂದು ಗಸ್ತು ಹಡಗಿನ ಪರದೆಯ ಮೇಲೆ ತೋರಿಸುವುದೇ ಆ ಪೆಟ್ಟಿಗೆ. ಬೆಳ್ಳನೆ ಕಾವಳ, ಮಂಜು ಮುಸುಕಿ ಏನೂ ಕಾಣದು. ಗಸ್ತಿನವರು ನಿಯಮದ ಪ್ರಕಾರ ಮೂರು ಸಲ ಕೂಗಿದರು, ಎಂಜಿನ್ನಿನ ಸದ್ದಿಗೆ ಕೇಳಲಿಲ್ಲ. ನಿಯಮದ ಪ್ರಕಾರ ಎಂಜಿನ್ನಿಗೇ ಗುಂಡು ಹೊಡೆದರು. ತಮ್ಮ ಎಂಜಿನ್ನಿಗೆ ಒರಗಿ ಕೂತಿದ್ದ. ಅಣ್ಣ ಒಬ್ಬನೇ ವಾಪಸು ಬಂದ. ಆ ಸುದ್ದಿಯನ್ನು ವೈರ್‌ಲೆಸ್ಸಿನಲ್ಲಿ ಕೇಳಿದ ದಿನದಿಂದ ಕಾವಲಕ್ಕ 'ಟಗರು ಇಲ್ಲ' ಎನ್ನುವಾಗ ಸ್ವಲ್ಪ ನಿಧಾನವಾಗಿ, ಎರಡು ಮಾತನ್ನೂ ಬಿಡಿಸಿ ಬಿಡಿಸಿ ಹೇಳತೊಡಗಿದ್ದಳು.

ಆವತ್ತು ಬೆಳಿಗ್ಗೆ ದೊರೆ ಮತ್ತೆ ಕಾಣೆಯಾಗಿತ್ತು. ಹಿಂದಿನ ರಾತ್ರಿಯ ಇಳಿತದಲ್ಲೇ ದಾಟಿರಬೇಕು. ಗಂಡ ಗೊಣಗಿಕೊಂಡು ದೋಣಿ ಇಳಿಸಿದ.

"ರೀ, ಪೆಟ್ಟಿಗೆ?" ಎಂದಳು ಅವಳು. ದೋಣಿಯ ಗುರುತಿನ ಪೆಟ್ಟಿಗೆ ಕಾವಲು ಮನೆಯಲ್ಲಿ ಚಾರ್ಜಿಗೆ ಕೂತಿತ್ತು. ದ್ವೀಪದ ನಾಲ್ಕೂ ದೋಣಿಗಳ ಪೆಟ್ಟಿಗೆ ವಾರಕ್ಕೊಮ್ಮೆ ಗುಡ್ಡ ಹತ್ತಿ ಬಂದೇ ಹೊಟ್ಟೆ ತುಂಬಿಸಿಕೊಳ್ಳಬೇಕು.

"ಒಂಟಿಬಂಡೆಗೆ ಹೋಗೋಕೆ ಪೆಟ್ಟಿಗೆ ಯಾಕೆ? ಇಲ್ಲಿ ಉಗುಳಿದ್ರೆ ಅಲ್ಲಿ ಬೀಳುತ್ತೆ. ಅದೇನು ಪರದೇಶವಾ?"

"ಕಾವಳ ಇಳೀತಿದೆ."

"ಇಳೀಲಿ ಬಿಡು. ಊಟಕ್ಕೆ ಮುಂಚೆ ಆ ಮೂರ್ಖನ ಕಿವಿ ಹಿಡ್ಕೊಂಡು ಬರ್ತೀನಿ."

ಮಧ್ಯಾಹ್ನ ಹನ್ನೆರಡಕ್ಕೆ ಅವತ್ತಿನ ಕಡು ಇಳಿತ. ತಿಂಗಳಿಗೆ ಎರಡು ಸಲ ಮಾತ್ರ ಬರುವ ಅಳತೆ ಅದು, ತಪ್ಪಿಸುವಂತಿಲ್ಲ. ಹನ್ನೆರಡರ ಕರೆಯನ್ನು ಹಿಂದಿರುಗಿದ ಮೇಲೆ ಅರ್ಧ ಗಂಟೆ ತಡವಾಗಿ ಕೊಡುವುದಾಗಿ ಬೆಳಿಗ್ಗೆಯೇ ಕೇಂದ್ರಕ್ಕೆ ತಿಳಿಸಿ ಕಾವಲಕ್ಕ ಕೊಲ್ಲಿಗೆ ಇಳಿದಳು. ಕಂಬದ ಗೀಟು ಎರಡು ಸಲ ನೋಡಿ ಬರೆದುಕೊಂಡಳು. ಎರಡನೆಯ ಸಲ ನೋಡುವಾಗ ನೀರು ಆಗಲೇ ಒಂದು ಬೆರಳು ಏರಿತ್ತು. ಕಡಲು ಮಗ್ಗುಲು ಬದಲಿಸಿತ್ತು.

ಗುಡ್ಡ ಹತ್ತಿ ಬಂದಾಗ ಹನ್ನೆರಡೂವರೆ. ಮಾವ ಒಲೆ ಮುಂದೆ ಬಹಳ ಗೆಲುವಾಗಿ ಕೂತಿದ್ದ.

"ನಿನ್ನ ಕೆಲಸ ನಾನೇ ಮುಗಿಸಿದೀನಿ. ಉಸ್ಸಪ್ಪಾ ಅಂತ ಕೂತ್ಕೋ."

"ಏನು ಕೆಲಸ?"

"ಅದೇ, ವರದಿ. ಹನ್ನೆರಡಕ್ಕೆ ಸರಿಯಾಗಿ ಬಡ್ಕೊಳ್ಳೋಕೆ ಶುರು ಮಾಡ್ತು. ಹೊಸಬ ಯಾರೋ, ಎಳೇ ದನಿ. ವರದಿ ಹೇಳಿ, ವರದಿ ಹೇಳಿ ಅಂತ ಮೂರು ಸಲ ಅಂದ. ಪಾಪ ಅನ್ನಿಸ್ತು. ನೀನು ಒತ್ತೋ ಗುಂಡಿ ನನಗೆ ಗೊತ್ತಿಲ್ವಾ? ಒತ್ತಿದೆ."

ಅವಳ ಕೈಯಲ್ಲಿದ್ದ ಅಳತೆ ಪುಸ್ತಕ ಕೈಯಲ್ಲೇ ಉಳಿಯಿತು.

"ಏನಂದ್ರಿ ಮಾವ?"

"ಇದ್ದದ್ದು ಇದ್ದ ಹಾಗೆ ಹೇಳ್ದೆ. ನಿನ್ನ ಹಾಗೆ ಮುಚ್ಚಿಡಲಿಲ್ಲ. ಟಗರು ತಪ್ಪಿಸ್ಕೊಂಡಿದೆ ಅಂದೆ. ಹುಡುಗ ಬೆಚ್ಚಿಬಿದ್ದ ಕಣಮ್ಮ! ಎಷ್ಟು ಕಾಳಜಿ ನೋಡು. ಎಲ್ಲಿ ಅಂದ. ಒಂಟಿಬಂಡೆ ಅಂದೆ. ಎಷ್ಟು ದೊಡ್ಡದು ಅಂದ. ಅಂಥದ್ದು ಈ ಸುತ್ತಿನಲ್ಲಿ ಇನ್ನೊಂದಿಲ್ಲ ಅಂದೆ."

"ಆಮೇಲೆ?"

"ಕೂಗಿದ್ರೆ ಓಗೊಡುತ್ತಾ ಅಂದ. ಗಂಟಲು ಹರಿಯೋ ಹಾಗೆ ಕೂಗಿದ್ರೂ ಈ ಕಡೆ ತಿರುಗಲ್ಲ, ಕೊಬ್ಬು ಅಂದೆ. ಹಿಂದೆ ಬಂದಿತ್ತಾ ಅಂದ. ಹೋದ ವಾರಾನೂ ಅಲ್ಲೇ ಇತ್ತು ಅಂದೆ. ಸರಿ, ನಾವು ನೋಡ್ಕೋತೀವಿ ಅಂತ ಕಟ್ ಮಾಡ್ದ. ನೋಡು, ಒಂದು ಟಗರಿಗೆ..."

ಅವಳಿಗೆ ಮುಂದಿನದು ಕೇಳಲಿಲ್ಲ. ಗುಂಡಿ ಒತ್ತಿದಳು. "ಕೇಂದ್ರ, ಕೇಂದ್ರ, ಕಾವಲು ಮನೆ ಮಾತಾಡ್ತಿರೋದು." ಬರೀ ಸುಯ್ ಎಂಬ ಸದ್ದು. "ಕೇಂದ್ರ, ಅದು ನಿಜವಾದ ಟಗರು. ಉಣ್ಣೆ ಇರೋದು. ಕೊಂಬು ಇರೋದು. ನಮ್ಮನೇದು!" ಸುಯ್ ಎಂಬ ಸದ್ದು. ಯಾರೂ ಇಲ್ಲವೆಂದಲ್ಲ; ಕೇಳಿಸಿಕೊಂಡು ಸುಮ್ಮನಿದ್ದಾರೆ. ಮೂರು ಗಂಟೆ ಬಾಯಿ ಕಟ್ಟು. ಕಳ್ಳರು ಕುತ್ತಿಗೆ ಹಿಡಿದು ತನ್ನಿಂದ ಹೀಗೆ ಹೇಳಿಸುತ್ತಿದ್ದಾರೆ ಎಂದು ಅವರು ಅಂದುಕೊಂಡಿದ್ದರೂ ಆಯಿತು. ಗಸ್ತು ಹಡಗು ನಿನ್ನೆಯಿಂದ ದಕ್ಷಿಣದ ದ್ವೀಪದ ಮರೆಯಲ್ಲಿತ್ತು. ಅಲ್ಲಿಂದ ಒಂಟಿಬಂಡೆಗೆ ಒಂದು ಗಂಟೆ. ಅರ್ಧ ಆಗಲೇ ಕಳೆದಿದೆ.

"ಯಾಕಮ್ಮ, ತಪ್ಪಾಯ್ತಾ?" ಎಂದ ಮಾವ. ಅವನ ಮುಖದ ಗೆಲುವು ಸೋರಿಹೋಗುತ್ತಿತ್ತು.

ಏನೆಂದು ಹೇಳುವುದು? ಸಹಿ ಹಾಕಿದ ಕೈ ಅವಳದೇ. ಕಿಟಕಿಯ ಹಲಗೆಯ ಮೇಲೆ ನಾಲ್ಕು ಪೆಟ್ಟಿಗೆಗಳು ಚಾರ್ಜಿಗೆ ಕೂತಿದ್ದವು, ಒಂದೊಂದರ ತಲೆಯ ಮೇಲೂ ಹಸಿರು ದೀಪ ಮಿಣುಕುತ್ತಿತ್ತು. ಮೂರನೆಯದು ಗಂಡನ ದೋಣಿಯದು. ಅದನ್ನು ತಂತಿಯಿಂದ ಕಿತ್ತು ಎದೆಗವಚಿಕೊಂಡು ಅವಳು ಹೊರಕ್ಕೆ ಓಡಿದಳು.

ಗುಡ್ಡದ ತುದಿಯಿಂದ ಉತ್ತರದ ಮೂಲೆಗೆ ಎರಡು ಮೈಲಿ. ಕಾವಳ ಎಷ್ಟು ದಟ್ಟವಾಗಿತ್ತೆಂದರೆ ಗೋಡೆಗಳು ಒಂದೊಂದಾಗಿ ಅವಳ ಎದೆಗೇ ಬಂದು ತಾಗುತ್ತಿದ್ದವು. ಮೂರನೆಯ ಗೋಡೆ ಹತ್ತುವಾಗ ಕಲ್ಲು ಜಾರಿ ಮೊಣಕೈ ತರಚಿತು. ಜೌಗಿನಲ್ಲಿ ಒಂದು ಚಪ್ಪಲಿ ಹೋಯಿತು, ಇನ್ನೊಂದನ್ನು ಅವಳೇ ಕಿತ್ತೆಸೆದಳು. ಕುರಿಗಳು ಮಸುಕಿನಿಂದ ಎದ್ದು ಬೆದರಿ ಚೆದುರಿದವು. ಒಂದು ಮುಖ ಅವಳ ಮುಖದೆದುರಿಗೇ ಬಂದು 'ಬ್ಯಾ' ಎಂದಾಗ ಅವಳು ಕಿಟಾರನೆ ಕಿರುಚಿಕೊಂಡಳು. ಹುಟ್ಟಿದಾಗಿನಿಂದ ಕುರಿಗಳ ನಡುವೆಯೇ ಬೆಳೆದವಳು ಕುರಿಗೆ ಹೆದರಿದ್ದು ಅದೇ ಮೊದಲು.

ತಲೆಯೊಳಗೆ ಒಂದೇ ಮಾತು ಗಾಣದ ಹಾಗೆ ಸುತ್ತುತ್ತಿತ್ತು: ಎಂಜಿನ್ನಿಗೆ ಒರಗಿ ಕೂತಿರಬೇಡಿ. ಅವನು ಯಾವಾಗಲೂ ಒರಗಿಯೇ ಕೂರುವವನು. ಬೆನ್ನಿಗೆ ಬಿಸಿ ತಾಗಲಿ ಎಂದು. ಅಪ್ಪನ ಮಗ.

ಮೂಲೆ ಮುಟ್ಟಿದಾಗ ಉಸಿರು ಬಾಯಿಗೆ ಬಂದಿತ್ತು. ಹಾಸುಬಂಡೆ ಇನ್ನೂ ಕಾಣುತ್ತಿತ್ತು, ಆದರೆ ಅಂಚಿನಲ್ಲಿ ನೀರು ನಾಲಿಗೆ ಚಾಚುತ್ತಿತ್ತು. ಕಂಬದ ಗೀಟು ನೆನಪಾಯಿತು. ಇನ್ನು ಕಾಲು ಗಂಟೆ, ಹೆಚ್ಚೆಂದರೆ. ಆಮೇಲೆ ಹಿಂದಿರುಗಲು ದಾರಿಯಿಲ್ಲ. ಅವಳು ನಿಲ್ಲಲಿಲ್ಲ. ಪಾಚಿಯ ಮೇಲೆ ಎರಡು ಸಲ ಬಿದ್ದಳು. ಬಿದ್ದಾಗಲೂ ಪೆಟ್ಟಿಗೆ ಮೇಲೇ ಇತ್ತು. ಹೇಗಾದರೂ ಮಾಡಿ ಅದನ್ನು ಅವನ ಕೈಗೆ ಕೊಡಬೇಕು ಎನ್ನುವುದಷ್ಟೇ ಅವಳ ಯೋಚನೆ.

ಆಗ ಕೇಳಿಸಿತು. ಎರಡು ಸದ್ದು. ಒಂದು ಹತ್ತಿರದ್ದು, ಟಕಟಕ ಎನ್ನುವ ಪರಿಚಯದ ಎಂಜಿನ್ನು. ಅವನು ಟಗರು ಹತ್ತಿಸಿಕೊಂಡು ಹೊರಟಿದ್ದಾನೆ. ಇನ್ನೊಂದು ಸದ್ದಲ್ಲ, ನಡುಕ. ನೀರಿನಲ್ಲಿ ಬಂದು ಕಾಲಿನ ಮೂಳೆಗೆ ಹತ್ತುವಂಥದ್ದು.

"ದೋಣಿ ನಿಲ್ಲಿಸಿ! ಗುರುತು ಹೇಳಿ!"

ಧ್ವನಿವರ್ಧಕದ ಮಾತು ಕಾವಳದಲ್ಲಿ ಯಾವ ಕಡೆಯಿಂದ ಬಂತೆಂದೇ ತಿಳಿಯಲಿಲ್ಲ. ಟಕಟಕ ನಿಲ್ಲಲಿಲ್ಲ.

"ರೀ! ನಿಲ್ಲಿಸ್ರೀ!" ಅವಳು ಕೂಗಿದ್ದು ಅವಳಿಗೇ ಕೇಳಿಸಲಿಲ್ಲ. ಮೊಣಕಾಲು ಮುಟ್ಟಿದ್ದ ನೀರು ಸೊಂಟಕ್ಕೆ ಬಂತು. ಪೆಟ್ಟಿಗೆಯನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದು ಅವಳು ಇನ್ನೂ ಮುಂದಕ್ಕೆ ಹೋದಳು.

"ದೋಣಿ ನಿಲ್ಲಿಸಿ! ಎರಡನೇ ಸಲ!"

ಟಕಟಕ.

"ಮೂರನೇ ಸಲ!"

ಢಂ ಎಂದಿತು. ಒಂದೇ ಒಂದು. ಒಣಗಿದ ಹಲಗೆ ಮೊಣಕಾಲಿಗೆ ಕೊಟ್ಟು ಮುರಿದಂತೆ. ಹಕ್ಕಿಗಳು ಎಲ್ಲಿಂದಲೋ ಒಟ್ಟಿಗೆ ಎದ್ದವು. ಟಕಟಕ ನಿಂತಿತು.

ಅದು ನಿಂತದ್ದೇ ಅವಳಿಗೆ ತಡೆಯಲಾಗಲಿಲ್ಲ. ಇದುವರೆಗೆ ಆ ಸದ್ದು ನಿಲ್ಲಲಿ ನಿಲ್ಲಲಿ ಎಂದುಕೊಂಡವಳು ಈಗ ಒಮ್ಮೆ, ಒಂದೇ ಒಮ್ಮೆ ಟಕ್ ಎನ್ನಲಿ ಎಂದು ಕಿವಿಯಾಗಿ ನಿಂತಳು. ನೀರು ಎದೆಗೆ ಬಂದಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಎಂಜಿನ್ನಿಗೆ ಒರಗಿ ಕೂತಿದ್ದನೇ? ಕಾವಳದೊಳಗಿಂದ ಟಗರು ಒಮ್ಮೆ ಕೂಗಿತು. ದೊರೆ ಬದುಕಿದೆ. ಅವನು?

ಎಷ್ಟು ಹೊತ್ತಾಯಿತೋ. ಧ್ವನಿವರ್ಧಕ ಮತ್ತೆ ಕರಕರ ಎಂದಿತು. ಈ ಸಲ ಬೇರೆ ದನಿ, ವಯಸ್ಸಾದದ್ದು.

"ಹಾಸುಬಂಡೆ ಮೇಲೆ ಪೆಟ್ಟಿಗೆ ಹಿಡ್ಕೊಂಡು ಬರ್ತಿರೋದು ಯಾರು? ಮಾತಾಡಿ!"

ಅವಳು ಬಾಯಿ ತೆರೆದಳು. ಎರಡು ವರ್ಷ ದಿನಕ್ಕೆ ಮೂರು ಸಲ ವರದಿ ಹೇಳಿದ ಗಂಟಲು ಅದು. ತನ್ನ ಹೆಸರು, ಗಂಡನ ಹೆಸರು, ಊರಿನ ಹೆಸರು ಯಾವುದೂ ನೆನಪಿಗೆ ಬರಲಿಲ್ಲ. ರೂಢಿಯಾದದ್ದು ಮಾತ್ರ ತಾನಾಗಿಯೇ ಹೊರಗೆ ಬಂತು:

"ಕುರಿ! ಕುರಿ! ಟಗರು ಇಲ್ಲ! ಕುರಿ ಒಂದು! ನಮ್ಮ ಕುರಿ!"

ಆಮೇಲೆ ಧ್ವನಿವರ್ಧಕವನ್ನು ಬಂದ್ ಮಾಡಲು ಮರೆತ ಯಾರೋ ಯಾರಿಗೋ ಹೇಳಿದ್ದು ಕಡಲಿಗೆಲ್ಲ ಕೇಳಿಸಿತು: "ಬಂದೂಕು ಇಳಿಸೋ. ಇಳಿಸು ಅಂದೆ."

ಅವಳನ್ನು ನೀರಿನಿಂದ ಎತ್ತಿಕೊಂಡದ್ದು ಹಡಗಿನ ಸಣ್ಣ ದೋಣಿ. ಅದರಲ್ಲಿ ಆಗಲೇ ಗಂಡ ಕೂತಿದ್ದ. ಎಡತೋಳಿಗೆ ಯಾರದೋ ಅಂಗಿ ಸುತ್ತಿತ್ತು, ಅಂಗಿ ಕೆಂಪಾಗಿತ್ತು. ದೊರೆ ದೋಣಿಯ ಮುಂಬದಿಗೆ ನುಗ್ಗಿತ್ತಂತೆ. ಅದನ್ನು ಎಳೆಯಲು ಅವನು ಎಂಜಿನ್ನು ಬಿಟ್ಟು ಮುಂದಕ್ಕೆ ಬಗ್ಗಿದ್ದನಂತೆ. ಒಡೆದ ಎಂಜಿನ್ನಿನ ಚೂರು ತೋಳಿಗೆ ಹೊಕ್ಕಿತ್ತು. ಅವಳು ಅವನ ಒದ್ದೆ ಕೂದಲು ಹಿಡಿದುಕೊಂಡು ಕೂತಳು. ಕೈ ಬಿಟ್ಟಿದ್ದು ದಡ ಮುಟ್ಟಿದ ಮೇಲೆ.

ಹಡಗಿನ ಹಿರಿಯ ಅವರನ್ನು ಕಾವಲು ಮನೆಯವರೆಗೂ ಬಿಡಲು ಬಂದ. ಮಾವ ಬಾಗಿಲಲ್ಲಿ ನಿಂತಿದ್ದ. ಹಿರಿಯ ಅವಳನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ:

"ತಾಯೀ, ಇಪ್ಪತ್ತು ವರ್ಷ ಕಡಲಲ್ಲಿದೀನಿ. ಪರದೆ ಮೇಲೆ ನಮ್ಮ ದೋಣಿಯ ಗುರುತು ಗುಡ್ಡ ಇಳೀತಾ, ಗೋಡೆ ಹಾರ್ತಾ, ನೆಲದ ಮೇಲೆ ಓಡಿ ಬರೋದನ್ನ ಇವತ್ತೇ ನೋಡಿದ್ದು. ಯಂತ್ರ ಕೆಟ್ಟಿದೆ ಅಂದ ನಮ್ಮವನು. ಮೊದಲನೇ ಗುಂಡು ತಡೆಯೋಕಾಗಲಿಲ್ಲ. ಎರಡನೇದಕ್ಕೆ ನಿಲ್ಲಿ ಅಂದೆ. ಕೆಟ್ಟ ಯಂತ್ರ ನಿಂತಲ್ಲೇ ನಿಲ್ಲುತ್ತೆ, ಹೀಗೆ ಎದ್ದು ಬಿದ್ದು ಬರಲ್ಲ." ಮತ್ತೆ ಸೇರಿಸಿದ. "ಕುರಿ, ಟಗರು ಅನ್ನೋ ಸಂಕೇತ ಮಾತ್ರ ಗುಟ್ಟಾಗೇ ಇರಲಿ. ಆ ಯಜಮಾನರಿಗೂ ಹೇಳಬೇಡಿ. ಬದಲಾಯಿಸೋಕೆ ಮೇಲಿನವರಿಗೆ ಬರೀತೀನಿ. ತಡ ಆಗುತ್ತೆ."

ಎರಡನೆಯ ಗುಂಡೂ ಇತ್ತು ಎನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ.

ಅವರು ಹೋದ ಮೇಲೆ ಮಾವ ಮಗನ ತೋಳನ್ನು ಮುಟ್ಟಿ ನೋಡಿದ, ಕೈ ಹಿಂದಕ್ಕೆ ಎಳೆದುಕೊಂಡ. "ಹಿಡೀಲಿ ಅಂತ ಹೇಳ್ದೆ ಕಣಮ್ಮ," ಎಂದ ಸೊಸೆಗೆ. "ಹೊಡೀರಿ ಅನ್ನಲಿಲ್ಲ. ನನ್ನಾಣೆಗೂ ಅನ್ನಲಿಲ್ಲ." ಮತ್ತೆ ಅದನ್ನೇ ಅಂದ. ಅವಳು ಅವನ ಹೆಗಲ ಮೇಲೆ ಕಂಬಳಿ ಹೊದಿಸಿದಳು.

ಸಂಜೆ ಕಾವಳ ಹರಿಯಿತು. ಕಡಲು ಏನೂ ಆಗದಂತೆ ಬೆಳ್ಳಗೆ ಹೊಳೆಯುತ್ತಿತ್ತು. ಆರು ಗಂಟೆಗೆ ವೈರ್‌ಲೆಸ್ಸು ಕರಕರ ಎಂದಿತು. ಅದೇ ಎಳೇ ದನಿ.

"ವರದಿ ಹೇಳಿ."

ಅವಳು ಗುಂಡಿಯ ಮೇಲೆ ಬೆರಳಿಟ್ಟಳು. ದುರ್ಬೀನಿನಲ್ಲಿ ಒಮ್ಮೆ ನೋಡಿದಳು, ಮತ್ತೆ ನೋಡಿದಳು, ಮೂರನೆಯ ಸಲವೂ ನೋಡಿದಳು. ದಡದಲ್ಲಿ ಮೂರು ದೋಣಿ.

"ಕುರಿ ಮೂರು," ಎಂದಳು.

"ಟಗರು?"

ಕಿಟಕಿಯ ಆಚೆ ಅಂಗಳದಲ್ಲಿ ದೊರೆಯನ್ನು ಹೊಸ ಹಗ್ಗ ಹಾಕಿ ಗೂಟಕ್ಕೆ ಕಟ್ಟಿತ್ತು. ಅದು ಮೆಲುಕು ಹಾಕುತ್ತ ಅವಳನ್ನೇ ನೋಡುತ್ತಿತ್ತು.

"ಟಗರು ಹೇಳಿ," ಎಂದ ಆತ ಮತ್ತೆ. ದನಿ ಒಂದಿಷ್ಟು ಚುರುಕಾಯಿತು.

"ಇಲ್ಲ," ಎಂದಳು. "ಟಗರು ಇಲ್ಲ. ಇಲ್ಲ."

"ಸರಿ."

ಹಿಂದಿನಿಂದ, ಒಲೆಯ ಮೂಲೆಯಿಂದ, ಮಾವನ ದನಿ ಬಂತು. ಹೆದರಿದ ಮಗುವಿನ ದನಿಯಂತಿತ್ತು.

"ಸಿಕ್ತು ಅಂತ ಹೇಳಮ್ಮ ಅವರಿಗೆ. ಟಗರು ಸಿಕ್ತು, ಇನ್ನು ಯಾರೂ ಬರೋದು ಬೇಡ ಅಂತ..."

"ಮೆಲ್ಲಗೆ ಮಾವ," ಎಂದಳು ಅವಳು. ಗುಂಡಿಯಿಂದ ಬೆರಳು ತೆಗೆದಿದ್ದೇನೆಯೇ ಎಂದು ನೋಡಿಕೊಂಡಳು. ಆಮೇಲೆ ಎದ್ದು ಕಿಟಕಿಯನ್ನೂ ಮುಚ್ಚಿದಳು.